ಪಟ್ಟದ ಗೊಂಬೆ ಪಕ್ಕ ಬ್ಯಾಟ್‌ಮ್ಯಾನ್

ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಆಟೋಮೊಬೈಲ್ ಅಂಗಡಿಗೆ ಹೋಗಿ ಚಿಕ್ಕ ಓ-ರಿಂಗ್ ಬೇಕು ಅಂದೆ. ಬಿಲ್ ಬರೆಯುತ್ತಿದ್ದ ಅಂಗಡಿಯವರು ತಲೆ ಎತ್ತದೆ, "ಯಾವ ಗಾಡಿಗೆ ಸಾರ್?" ಅಂತ ಕೇಳಿದರು. ನಾನು ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಕೌಂಟರ್ ಮೇಲೆ ಸುರಿದೆ. ಒಂದು ಜೊತೆ ಕಾಲು, ಒಂದು ಸೊಂಟ, ಎದೆಯ ಎರಡು ಹೋಳು, ಎರಡು ಕೈ, ಒಂದು ತಲೆ.

"ಇದಕ್ಕೆ" ಅಂದೆ.

ಅವರು ಒಂದು ಸಲ ಗೊಂಬೆ ನೋಡಿದರು, ಇನ್ನೊಂದು ಸಲ ನನ್ನ ಅರ್ಧ ನೆರೆತ ತಲೆ ನೋಡಿದರು. ಆಮೇಲೆ ರಿಂಗುಗಳ ಡಬ್ಬವನ್ನೇ ತಂದು ಮುಂದಿಟ್ಟು, "ನೀವೇ ಆರಿಸ್ಕೊಳ್ಳಿ" ಅಂದರು. ಹತ್ತು ರಿಂಗಿಗೆ ಇಪ್ಪತ್ತು ರೂಪಾಯಿ ಆಯಿತು.

ಅದು ಜಿ.ಐ. ಜೋ ಗೊಂಬೆ. ಅಮೆರಿಕದ ಹ್ಯಾಸ್ಬ್ರೊ ಕಂಪನಿ 1982ರಲ್ಲಿ ಈ ಮೂರೂ ಮುಕ್ಕಾಲು ಇಂಚಿನ ಸೈನಿಕರನ್ನು ತಂದಿತು. ಅದೇ ವರ್ಷ ಮಾರ್ವೆಲ್‌ನವರು ಅವರ ಕಾಮಿಕ್ಸ್ ಶುರು ಮಾಡಿದರು. ನಮ್ಮಲ್ಲಿ ಫನ್‌ಸ್ಕೂಲ್ ಅದನ್ನು ತಯಾರಿಸಿ ಮಾರುತ್ತಿತ್ತು. ಅಮೆರಿಕದಲ್ಲಿ ಇಲ್ಲದ ಬಣ್ಣಗಳಲ್ಲಿ ಕೆಲವು ಬಂದವು. ಹಾಗಾಗಿ ಹೊರದೇಶದ ಸಂಗ್ರಹಕಾರರು ಇವತ್ತಿಗೂ ನಮ್ಮ ಫನ್‌ಸ್ಕೂಲ್ ಗೊಂಬೆಗಳನ್ನು ಹುಡುಕುತ್ತಾರೆ. ಆಗ ನಮಗೆ ಅದೆಲ್ಲ ಎಲ್ಲಿ ಗೊತ್ತಿತ್ತು? ಕಲ್ಲು ಹೊಡೆದು, ಮೋರಿಯಲ್ಲಿ ತೇಲಿಬಿಟ್ಟು ಆಡಿದ್ದೇ ಆಡಿದ್ದು.

ಇವುಗಳ ದೇಹವನ್ನು ಹಿಡಿದಿಡುವುದು ಒಳಗಿನ ಒಂದು ಕಪ್ಪು ರಬ್ಬರ್ ರಿಂಗ್. ವರ್ಷ ಕಳೆದ ಹಾಗೆ ರಬ್ಬರ್ ಒಣಗಿ ತುಂಡಾಗುತ್ತದೆ, ಸೈನಿಕ ಎರಡು ಭಾಗವಾಗಿ ಬೀಳುತ್ತಾನೆ. ಜನ "ಮುರಿದುಹೋಯಿತು" ಅಂತ ಎಸೆಯುತ್ತಾರೆ. ಏನೂ ಮುರಿದಿರುವುದಿಲ್ಲ. ಬೆನ್ನಿನ ಸ್ಕ್ರೂ ಬಿಚ್ಚಿದರೆ ಎದೆ ಎರಡು ಹೋಳಾಗುತ್ತದೆ. ಕಾಲುಗಳ ನಡುವೆ ಟಿ ಆಕಾರದ ಒಂದು ಲೋಹದ ಕೊಕ್ಕೆ ಇರುತ್ತದೆ. ಹೊಸ ರಿಂಗನ್ನು ಅದಕ್ಕೆ ಸಿಕ್ಕಿಸಿ, ಸೊಂಟದ ತೂತಿನಿಂದ ಮೇಲಕ್ಕೆ ಎಳೆದು, ಎದೆಯೊಳಗಿನ ಗೂಟಕ್ಕೆ ಹಾಕಬೇಕು. ಕೈ, ತಲೆ ಅವುಗಳ ಗುಳಿಯಲ್ಲಿ ಕೂರಿಸಿ ಇನ್ನೊಂದು ಹೋಳು ಮುಚ್ಚಬೇಕು. ಇಷ್ಟೇ. ಆದರೆ ಸ್ಕ್ರೂ ಕೊನೇ ಸುತ್ತಿಗೆ ಆಸೆ ಪಡಬಾರದು. ಬಿಗಿ ಜಾಸ್ತಿ ಆದರೆ ಹಳೇ ಪ್ಲಾಸ್ಟಿಕ್ ಟಿಕ್ ಅಂತ ಸೀಳಿಬಿಡುತ್ತದೆ. ನಾನು ಹಾಗೆ ಒಬ್ಬನನ್ನು ಕಳೆದುಕೊಂಡಿದ್ದೇನೆ.

ಈ ಹುಚ್ಚು ಮರುಕಳಿಸಿದ್ದು 2012ರಲ್ಲಿ. ಆ ವರ್ಷ ಬೆಂಗಳೂರಿನಲ್ಲಿ ಮೊದಲ ಸಲ ಕಾಮಿಕ್ ಕಾನ್ ಅನ್ನುವ ಕಾಮಿಕ್ಸ್-ಗೊಂಬೆಗಳ ಮೇಳ ನಡೆಯಿತು. ಸುಮ್ನೆ ನೋಡಿ ಬರೋಣ ಅಂತ ಹೋದವನು ಮೂರು ಗೊಂಬೆ ಹಿಡಿದುಕೊಂಡು ಬಂದೆ. ಮುಂದಿನ ಒಂದೂವರೆ ವರ್ಷದಲ್ಲಿ ನಲವತ್ತು ದಾಟಿತು. ಮಾರ್ವೆಲ್ ಬೇಕು, ಡಿಸಿ ಬೇಕು, ಜಪಾನಿ ಕಾರ್ಟೂನ್ ಡ್ರ್ಯಾಗನ್ ಬಾಲ್ ಬೇಕು. ಆರು ಇಂಚಿನವು, ಹನ್ನೆರಡು ಇಂಚಿನವು, ದೊಡ್ಡ ತಲೆಯ ಫಂಕೋ ಪಾಪ್‌ಗಳು, ಎಲ್ಲ ಒಂದೇ ಶೆಲ್ಫಿನಲ್ಲಿ. ಐರನ್ ಮ್ಯಾನ್‌ನ ಮೊಣಕಾಲಿಗೆ ಬರುವ ಥಾರ್. ಸಂತೆ ಅಂದರೆ ಸಂತೆ.

ಅದಾದ ಮೇಲೆ ಬಂದ ದಸರಾಕ್ಕೆ ಮೈಸೂರಿಗೆ ಹೋದಾಗ ಅಮ್ಮ ಗೊಂಬೆ ಟ್ರಂಕ್ ಇಳಿಸಿಕೊಡು ಅಂದರು. ಪ್ರತಿ ವರ್ಷ ಮಾಡುವ ಕೆಲಸವೇ. ಆದರೆ ಆ ಸಲ ಬೇರೆ ಕಣ್ಣಿನಿಂದ ನೋಡಿದೆ. ಅರವತ್ತು ವರ್ಷ ಹಳೆಯ ಮಣ್ಣಿನ ಗೊಂಬೆಗಳು. ಅಜ್ಜಿಯ ಮದುವೆಯಲ್ಲಿ ಕೊಟ್ಟ ಮರದ ಪಟ್ಟದ ಗೊಂಬೆ, ರಾಜ ರಾಣಿ. ಒಂದಕ್ಕೂ ಮೂಗು ಹೋಗಿಲ್ಲ. ಒಂದೊಂದೂ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದೆ. ಭಾರದವು ಕೆಳಗೆ, ಹಗುರದವು ಮೇಲೆ. ಟ್ರಂಕಿನ ಮುಚ್ಚಳದ ಒಳಗೆ ಒಂದು ಚೀಟಿ: ಯಾವ ವರ್ಷ, ಯಾವ ಗೊಂಬೆ, ಎಲ್ಲಿ ಕೊಂಡದ್ದು. ವರ್ಷಕ್ಕೆ ಒಂದೇ ಹೊಸ ಗೊಂಬೆ.

"ಒಂದೇ ಯಾಕಮ್ಮ?" ಅಂತ ಕೇಳಿದೆ.

"ಮೆಟ್ಟಿಲು ಜಾಸ್ತಿ ಆಗಲ್ಲವಲ್ಲೋ" ಅಂದರು.

ನಾನು ಅಷ್ಟು ಓದಿ, ವಿಡಿಯೋ ನೋಡಿ ಕಲಿಯದೇ ಇದ್ದದ್ದು ಆ ಟ್ರಂಕಿನಲ್ಲಿ ಇತ್ತು. ಬೆಂಗಳೂರಿಗೆ ಬಂದವನೇ ಇಪ್ಪತ್ತೆಂಟು ಗೊಂಬೆ ಮಾರಿದೆ. ಅರ್ಧ ಬೆಲೆಯೂ ಬರಲಿಲ್ಲ. ಉಳಿದದ್ದಕ್ಕೆ ಒಂದು ನೋಟ್‌ಬುಕ್ ಮಾಡಿದೆ. ಅಳತೆಯೂ ಒಂದೇ ಇಟ್ಟುಕೊಂಡೆ: ನಿಜವಾದ ಆಳಿನ ಆರರಲ್ಲಿ ಒಂದು, ಅಂದರೆ ಹೆಚ್ಚುಕಡಿಮೆ ಒಂದು ಅಡಿ ಎತ್ತರ. ಜಿ.ಐ. ಜೋಗಳಿಗೂ, ಅಗ್ಗದ ಕೆಲವು ಜಪಾನಿ ಗೊಂಬೆಗಳಿಗೂ ಮಾತ್ರ ವಿನಾಯಿತಿ. ಹೊಸಬರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಪಾತ್ರ ಯಾವುದಾದರೂ ಇರಲಿ, ಅಳತೆ ಒಂದು ಹಿಡಿಯಿರಿ. ಕಪಾಟು ತಾನಾಗಿ ಕಪಾಟಿನ ಹಾಗೆ ಕಾಣುತ್ತದೆ.

ಅಮ್ಮನ ಒಂದು ಪಾಠ ಮಾತ್ರ ಕೈ ಕೊಟ್ಟಿತು. ಟ್ರಂಕಿಗೆ ಅವರು ನುಸಿಗುಳಿಗೆ ಹಾಕುತ್ತಿದ್ದರು. ನಾನೂ ಜೋಕರ್‌ನನ್ನು ಡಬ್ಬದಲ್ಲಿ ಇಟ್ಟು ನಾಲ್ಕು ಗುಳಿಗೆ ಹಾಕಿ ಮುಚ್ಚಿದೆ. ಆರು ತಿಂಗಳ ಮೇಲೆ ತೆಗೆದರೆ ಗಾಜಿನ ಹಾಗಿದ್ದ ಪ್ಲಾಸ್ಟಿಕ್ ಸ್ಟ್ಯಾಂಡ್ ಮಂಕಾಗಿ, ಬೆರಳಿಟ್ಟರೆ ಗುರುತು ಬೀಳುವಷ್ಟು ಮೆತ್ತಗಾಗಿತ್ತು. ನ್ಯಾಫ್ತಲಿನ್ ಹಬೆ ಮಣ್ಣಿಗೆ, ಮರಕ್ಕೆ ಏನೂ ಮಾಡುವುದಿಲ್ಲ. ಕೆಲವು ಪ್ಲಾಸ್ಟಿಕ್ಕನ್ನು ಕರಗಿಸಿಬಿಡುತ್ತದೆ. ಈಗ ಸಿಲಿಕಾ ಜೆಲ್ ಪೊಟ್ಟಣ ಅಷ್ಟೇ ಹಾಕುತ್ತೇನೆ. ಪಂಚೆ ತುಂಡು ಹಾಗೇ ಮುಂದುವರಿದಿದೆ. ಬಬಲ್ ರ‍್ಯಾಪ್ ನೇರವಾಗಿ ಸುತ್ತಿದರೆ ಬಣ್ಣದ ಮೇಲೆ ದುಂಡು ದುಂಡು ಗುರುತು ಬೀಳುತ್ತದೆ, ನ್ಯೂಸ್ ಪೇಪರಿನ ಮಸಿ ಹತ್ತಿಕೊಳ್ಳುತ್ತದೆ. ಹಳೇ ಪಂಚೆಯಷ್ಟು ಮೆದು ಬಟ್ಟೆ ಇನ್ನೊಂದಿಲ್ಲ.

ಯಾವ ಗೊಂಬೆ ಯಾವುದರಿಂದ ಆಗಿದೆ ಅಂತ ತಿಳಿದುಕೊಂಡರೆ ಅರ್ಧ ತೊಂದರೆ ಕಡಿಮೆ. ಕೈಕಾಲು ಆಡುವವು ಸಾಮಾನ್ಯವಾಗಿ ಪಿವಿಸಿ ಮತ್ತು ಎಬಿಎಸ್ ಅನ್ನುವ ಪ್ಲಾಸ್ಟಿಕ್ಕುಗಳು. ಪಿವಿಸಿ ಮೆದುವಾಗಿರಲಿ ಅಂತ ಬೆರೆಸಿದ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಹೊರಗೆ ಒಸರುತ್ತದೆ. ಡಬ್ಬದಲ್ಲೇ ಮುಚ್ಚಿಟ್ಟರೆ ಅಂಟಂಟು. ಹೆದರಬೇಡಿ. ಉಗುರುಬೆಚ್ಚಗಿನ ನೀರಿಗೆ ಎರಡು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬ್ರಷ್‌ನಲ್ಲಿ ತೊಳೆದು, ನೆರಳಲ್ಲಿ ಆರಿಸಿ. ಬೇಸಿಗೆಯಲ್ಲಿ ಒಂದೇ ಕಾಲ ಮೇಲೆ ನಿಂತ ಪಿವಿಸಿ ಗೊಂಬೆಗಳು ಮೆಲ್ಲಗೆ ವಾಲುತ್ತವೆ. ಡ್ರ್ಯಾಗನ್ ಬಾಲ್‌ನ ನನ್ನ ಗೋಕು ಏಪ್ರಿಲ್ ಮುಗಿಯುವ ಹೊತ್ತಿಗೆ ಬಸ್ ಕಾದು ಸುಸ್ತಾದವನ ಹಾಗೆ ಬಾಗಿದ್ದ. ಕುದಿಯದ ಬಿಸಿನೀರಲ್ಲಿ ಕಾಲಿನ ಭಾಗ ಮಾತ್ರ ಒಂದು ನಿಮಿಷ ಅದ್ದಿ, ನೇರ ಮಾಡಿ, ಹಾಗೇ ಹಿಡಿದು ಐಸ್ ನೀರಿಗೆ ಇಳಿಸಿದೆ. ನಿಂತುಕೊಂಡ.

ಬಟ್ಟೆ ತೊಟ್ಟ ದೊಡ್ಡ ಗೊಂಬೆಗಳ ಕಪ್ಪು ಲೆದರ್ ಕೋಟಿಗೆ ಮಾತ್ರ ಮದ್ದಿಲ್ಲ. ಅದು ಲೆದರ್ ಅಲ್ಲ, ರೆಕ್ಸಿನ್ ಜಾತಿ. ಗಾಳಿಯ ತೇವಕ್ಕೆ ಮೇಲಿನ ಪದರ ಬಿರುಕು ಬಿಟ್ಟು ಹೊಟ್ಟಿನ ಹಾಗೆ ಉದುರುತ್ತದೆ. ಹಳೇ ಸ್ಕೂಟರ್ ಸೀಟು ನೋಡಿದ್ದೀರಲ್ವಾ, ಅದೇ ಕಥೆ. ಇಪ್ಪತ್ತು ಸಾವಿರ ಕೊಟ್ಟ ನನ್ನ ಗೊಂಬೆಯೊಂದು ಎಂಟನೇ ವರ್ಷಕ್ಕೆ ಹೀಗಾಯಿತು. ಅಂದಿನಿಂದ ಕೋಟು ಹಾಕಿದವರನ್ನು ಕೊಳ್ಳುವುದೇ ಬಿಟ್ಟೆ.

ಆಮೇಲೆ ಪಾಲಿಸ್ಟೋನ್. ರೆಸಿನ್‌ಗೆ ಕಲ್ಲಿನ ಪುಡಿ ಬೆರೆಸಿ ಅಚ್ಚಿಗೆ ಸುರಿದು ಮಾಡುವ ಪ್ರತಿಮೆಗಳು. ಮುಟ್ಟಿದರೆ ತಣ್ಣಗೆ, ಎತ್ತಿದರೆ ಭಾರ. ಬಾಗುವುದಿಲ್ಲ, ವಾಲುವುದಿಲ್ಲ. ಬಿದ್ದರೆ ಮಾತ್ರ ಪಿಂಗಾಣಿಯ ಹಾಗೆ ಒಡೆಯುತ್ತದೆ. ನನ್ನ ಬ್ಯಾಟ್‌ಮ್ಯಾನ್ ಈ ಜಾತಿ. ಕೊರಿಯರ್‌ನಲ್ಲಿ ಬಂದಾಗ ಥರ್ಮಾಕೋಲ್‌ನ ಒಂದು ಮೂಲೆ ಕುಸಿದಿತ್ತು. ಅವನ ಬೆನ್ನಿಗೆ ಇಳಿಬಿದ್ದ ಕೇಪಿನ ತುದಿ, ಎರಡು ಬೆರಳಗಲ, ಬೇರೆಯಾಗಿ ಬಿದ್ದಿತ್ತು. ಅವತ್ತು ಊಟ ಸೇರಲಿಲ್ಲ ಅಂದರೆ ನಗಬೇಡಿ.

ಮೊದಲು ಮಾಡಿದ ತಪ್ಪು ಸೂಪರ್ ಗ್ಲೂ. ಹಿಡಿಯಿತು, ಆದರೆ ಸುತ್ತ ಬೂದಿ ಬಳಿದ ಹಾಗೆ ಬಿಳಿ ಮಬ್ಬು ಕೂತಿತು. ವಾರದಲ್ಲಿ ಮತ್ತೆ ಕಳಚಿತು. ಎರಡನೇ ಸಲ ಅವಸರ ಮಾಡಲಿಲ್ಲ. ಗಡಿಯಾರ ರಿಪೇರಿಯವರು ಬಳಸುವಂಥ ಕೈ ಡ್ರಿಲ್ ತಂದು, ಒಡೆದ ಎರಡೂ ಮುಖಕ್ಕೆ ಒಂದೊಂದು ಮಿಲಿಮೀಟರ್ ತೂತು ಕೊರೆದೆ. ತೂತು ಎದುರುಬದುರು ಬರಬೇಕಲ್ಲ, ಅದಕ್ಕೆ ಒಂದು ಕಡೆ ತೂತಿನ ಬಾಯಿಗೆ ಸ್ವಲ್ಪ ಕುಂಕುಮ ಹಚ್ಚಿ ಇನ್ನೊಂದು ಕಡೆಗೆ ಒತ್ತಿದೆ. ಗುರುತು ಬಿತ್ತು. ಗುಂಡುಸೂಜಿಯ ತಲೆ ಕತ್ತರಿಸಿ ಒಳಗೆ ಕೂರಿಸಿ, ಅರಾಲ್ಡೈಟ್ ಹಚ್ಚಿ ಜೋಡಿಸಿ, ಒಂದು ರಾತ್ರಿ ಅಕ್ಕಿ ಡಬ್ಬದೊಳಗೆ ನಿಲ್ಲಿಸಿದೆ. ಅಕ್ಕಿ ಯಾವ ಕೋನಕ್ಕೆ ಬೇಕಾದರೂ ಹಿಡಿದುಕೊಳ್ಳುತ್ತದೆ. ಬೆಳಗ್ಗೆ ಹೆಂಡತಿ ಡಬ್ಬ ತೆಗೆದು ಕೂಗಿದ್ದು ಬೇರೆ ವಿಷಯ. ಸಂದಿಗೆ ಎಂ-ಸೀಲ್, ಅದರ ಮೇಲೆ 400, 600, 1000ರ ವಾಟರ್ ಪೇಪರ್. ಕೊನೆಗೆ ಅಕ್ರಿಲಿಕ್ ಬಣ್ಣ. ಕಪ್ಪು ಅಂತ ಕಾಣುವ ಕೇಪು ಕಪ್ಪಲ್ಲ, ನೀಲಿ ಬೂದು ಅಂತ ಅವತ್ತು ಗೊತ್ತಾಯಿತು. ಮೂರು ಸಲ ಬಣ್ಣ ಕಲಸಿದೆ. ಗೊತ್ತಿದ್ದವರು ಬೆಳಕಿಗೆ ಹಿಡಿದು ನೋಡಿದರೆ ಈಗಲೂ ಸಿಕ್ಕಿಬೀಳುತ್ತದೆ.

ಕೊಳ್ಳುವ ವಿಚಾರ ಚಿಕ್ಕದಾಗಿ ಹೇಳಿಬಿಡುತ್ತೇನೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಬಿಐಎಸ್ ಅನ್ನುವ ಸರ್ಕಾರದ ಗುಣಮಟ್ಟದ ಗುರುತೂ ಕಡ್ಡಾಯವಾಯಿತು. ಸುಂಕ ಹಾಕುವಾಗ ಸಾಗಣೆ ಖರ್ಚನ್ನೂ ಬೆಲೆಗೆ ಸೇರಿಸುತ್ತಾರೆ. ಭಾರದ ಪ್ರತಿಮೆಗೆ ಸಾಗಣೆಯೇ ಒಂದು ಗೊಂಬೆಯ ದುಡ್ಡು. ಹಾಗಾಗಿ ನಾನೀಗ ಜಾಸ್ತಿ ಕೊಳ್ಳುವುದು ಇಲ್ಲಿನ ಸಂಗ್ರಹಕಾರರ ಕೈಯಿಂದಲೇ, ಅವರ ಮನೆಗೆ ಹೋಗಿ, ನೋಡಿ. ಪ್ರೀ-ಆರ್ಡರ್, ಅಂದರೆ ಗೊಂಬೆ ತಯಾರಾಗುವ ಮೊದಲೇ ಹೇಳಿಟ್ಟು ಕಾಯುವುದು, ನನಗೆ ಸ್ವಲ್ಪ ಭಯ. ಆದರೆ ಅದು ಹೊಸದೇನಲ್ಲ. 1977ರಲ್ಲಿ ಸ್ಟಾರ್ ವಾರ್ಸ್ ಬಂದಾಗ ಕೆನ್ನರ್ ಕಂಪನಿಗೆ ಕ್ರಿಸ್ಮಸ್‌ಗೆ ಗೊಂಬೆ ತಯಾರಾಗಲಿಲ್ಲ. ಅವರು ಗೊಂಬೆಯಿಲ್ಲದ ಒಂದು ಕಿಟ್ ಮಾರಿದರು. ಅದರಲ್ಲಿ ಇದ್ದ ಚೀಟಿ ಕಳಿಸಿದವರಿಗೆ ಮುಂದಿನ ವರ್ಷ ನಾಲ್ಕು ಗೊಂಬೆ ಅಂಚೆಯಲ್ಲಿ ಬಂದವು. ಜನ ಆಗಲೂ ಕಾದಿದ್ದರು, ಈಗಲೂ ಕಾಯುತ್ತಾರೆ.

ನಕಲಿಗೆ ಒಂದು ಸಲ ಬಿದ್ದಿದ್ದೇನೆ. ಡ್ರ್ಯಾಗನ್ ಬಾಲ್‌ನ ವೆಜೀಟಾ, ಅರ್ಧ ಬೆಲೆಗೆ. ಡಬ್ಬ ತೆರೆದ ತಕ್ಷಣ ಸೀಮೆಎಣ್ಣೆ ಥರದ ವಾಸನೆ. ಹುಬ್ಬಿನ ಬಣ್ಣ ಗೆರೆ ದಾಟಿ ಹಣೆಗೆ ಹೋಗಿತ್ತು. ಜಪಾನಿನಿಂದ ಬರುವ ಅಸಲಿ ಡಬ್ಬದ ಮೇಲೆ ಆ ಕಾರ್ಟೂನ್ ಮಾಡುವ ತೋಯೆ ಆನಿಮೇಷನ್‌ನ ಹೊಳೆಯುವ ಹೋಲೋಗ್ರಾಮ್ ಸ್ಟಿಕ್ಕರ್ ಇರುತ್ತದೆ. ಇದರಲ್ಲಿ ಸ್ಟಿಕ್ಕರಿನ ಫೋಟೋವನ್ನೇ ಪ್ರಿಂಟ್ ಮಾಡಿದ್ದರು! ಈಗ ಮಾರುವವರಿಗೆ ಮೂರು ಫೋಟೋ ಕೇಳುತ್ತೇನೆ: ಕಣ್ಣು ಹತ್ತಿರದಿಂದ, ಪಾದದ ಅಡಿ, ಡಬ್ಬದ ಸ್ಟಿಕ್ಕರ್. ಕೊಡಲು ಎಳೆದಾಡಿದರೆ ಮುಂದೆ ಮಾತಿಲ್ಲ. ಅಗ್ಗಕ್ಕೆ ಅಸಲಿಯೇ ಬೇಕು ಅಂದರೆ ಜಪಾನಿನ ಬಾನ್‌ಪ್ರೆಸ್ಟೊ ಬ್ರ್ಯಾಂಡಿನವು ನೋಡಿ. ಜಪಾನಿನ ಗೇಮ್ ಸೆಂಟರುಗಳ ಕ್ರೇನ್ ಮಷೀನಿನಲ್ಲಿ ಬಹುಮಾನಕ್ಕೆ ಇಡಲು ಅಂತಲೇ ಮಾಡುವ ಗೊಂಬೆಗಳು ಅವರಲ್ಲಿವೆ. ಬೆಲೆಗೆ ಹೋಲಿಸಿದರೆ ಮುಖ ಚೆನ್ನಾಗಿರುತ್ತದೆ.

ನನಗೆ ನಿಜವಾಗಿ ಬೇಕಿದ್ದದ್ದು ಮಕ್ಕಳ ಪತ್ರಿಕೆ ಬಾಲಮಂಗಳದ ಇಲಿ ಹೀರೋ ಡಿಂಗ. ಎಲ್ಲೂ ಕಣ್ಣಿಗೆ ಬೀಳಲಿಲ್ಲ. ಕೊನೆಗೆ ಮಗಳೂ ನಾನೂ ಸೇರಿ ತಂತಿ ಮತ್ತು ಎಂ-ಸೀಲ್‌ನಲ್ಲಿ ಒಂದು ಮಾಡಿದೆವು. ಕಿವಿ ಒಂದು ದೊಡ್ಡದು, ಒಂದು ಚಿಕ್ಕದು. ಆದರೂ ಕಪಾಟಿನಲ್ಲಿ ಮುಂದಿನ ಸಾಲಿನಲ್ಲೇ ಇದ್ದಾನೆ.

ಕಪಾಟು ನಮ್ಮ ಬಡಗಿಯ ಕೈಯಲ್ಲಿ ಮಾಡಿಸಿದ್ದು. ಪೂರ್ವದ ಕಿಟಕಿಗೆ ಬೆನ್ನು ಹಾಕಿ ನಿಂತಿದೆ, ಯಾಕೆಂದರೆ ಬಿಸಿಲು ಬಿದ್ದರೆ ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ. ಬಾಗಿಲ ಅಂಚಿಗೆ ರಬ್ಬರ್ ಬೀಡಿಂಗ್ ಹಾಕಿಸಿದ್ದರಿಂದ ಧೂಳು ಕಡಿಮೆ. ಹಿಂದೆ ಮೇಲ್ಗಡೆ ಎರಡು ತೂತು ಬಿಟ್ಟಿದ್ದೇನೆ, ಗಾಳಿ ಆಡಲಿ ಅಂತ. "ಬೀಡಿಂಗೂ ಬೇಕು ತೂತೂ ಬೇಕು ಅಂದ್ರೆ ಹೆಂಗೆ ಸಾರ್?" ಅಂತ ಬಡಗಿ ಕೇಳಿದ್ದರು. ತೂತಿಗೆ ಹಳೇ ಕಾಲುಚೀಲದ ಬಟ್ಟೆ ಬಿಗಿದು ತೋರಿಸಿದ ಮೇಲೆ ಒಪ್ಪಿದರು. ಧೂಳಿಗೆ ಮೇಕಪ್ ಬ್ರಷ್, ಸಂದಿಗೆ ಕ್ಯಾಮೆರಾದ ಬ್ಲೋವರ್. ಗೊಂಬೆಯ ಒಳಗೆ ದೀಪ ಇದ್ದರೆ ಬಟನ್ ಸೆಲ್ ತೆಗೆದಿಡಿ, ಸೋರಿದರೆ ಒಳಗಿನ ತಗಡು ತಿಂದುಬಿಡುತ್ತದೆ.

ಕಳೆದ ದಸರಾಕ್ಕೆ ಅಮ್ಮ ನಮ್ಮ ಜೊತೆ ಬೆಂಗಳೂರಿನಲ್ಲೇ ಇದ್ದರು. ಏಳು ಮೆಟ್ಟಿಲು ಕಟ್ಟಿದೆವು. ಮೇಲೆ ಪಟ್ಟದ ಗೊಂಬೆ, ಕೆಳಗೆ ಅಕ್ಕಿ ಬೇಳೆ ಇಟ್ಟುಕೊಂಡ ಶೆಟ್ಟಿ ದಂಪತಿ. ಆ ವರ್ಷದ ಹೊಸ ಗೊಂಬೆ ತರಲು ಮರೆತಿತ್ತು. ಮಗಳು ಕಪಾಟಿನಿಂದ ಬ್ಯಾಟ್‌ಮ್ಯಾನ್‌ನನ್ನು ಎರಡೂ ಕೈಯಲ್ಲಿ ಎತ್ತಿ ತಂದಳು. ನನ್ನ ಜೀವ ಬಾಯಿಗೆ ಬಂದಿತ್ತು. ಅಮ್ಮ ಅವನನ್ನು ತಿರುಗಿಸಿ ತಿರುಗಿಸಿ ನೋಡಿ, ಕೇಪಿನ ತುದಿಯ ಮೇಲೆ ಬೆರಳಾಡಿಸಿ, "ಇಲ್ಲಿ ಬೆಸೆದಿದ್ದೀಯಾ" ಅಂದರು. ಅಷ್ಟು ವರ್ಷದಲ್ಲಿ ಯಾರೂ ಹಿಡಿದಿರಲಿಲ್ಲ. ಮೇಲಿನ ಮೆಟ್ಟಿಲಲ್ಲೇ, ಪಟ್ಟದ ಗೊಂಬೆ ಪಕ್ಕ ನಿಲ್ಲಿಸಿದರು.

ವಿಜಯದಶಮಿ ರಾತ್ರಿ ಗೊಂಬೆಗಳನ್ನು ಮಲಗಿಸುವುದು ನಮ್ಮ ಮನೆಯ ಪದ್ಧತಿ. ಅಮ್ಮ ರಾಜ ರಾಣಿಯನ್ನು ಮಲಗಿಸಿ ಬ್ಯಾಟ್‌ಮ್ಯಾನ್‌ಗೆ ಕೈ ಹಾಕಿದರು. "ಬೇಡಮ್ಮ, ಮಲಗಿಸಿದ್ರೆ ಕೇಪ್ ಮುರಿಯುತ್ತೆ" ಅಂದೆ.

"ಹಾಗಾದ್ರೆ ಅವನು ಎದ್ದಿರಲಿ ಬಿಡು, ರಾತ್ರಿಯೆಲ್ಲ ಕಾವಲಿಗೆ ಒಬ್ಬ ಬೇಕಲ್ಲ" ಅಂದು ದೀಪ ಆರಿಸಿದರು.