ಮಲೆನಾಡಿನ ಮಳೆಗೆ ಸೈಕಲ್ ಜಾಕೆಟ್: ನಾನು ಏನು ನೋಡಿ ಕೊಳ್ಳುತ್ತೇನೆ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಮಳೆಗಾಲದಲ್ಲಿ ಮೌಂಟನ್ ಬೈಕ್ ಹೊಡೆದರೆ ಜಾಕೆಟ್ ಇದ್ದರೂ ಮೈ ಒದ್ದೆಯಾಗುತ್ತದೆ. ಅರ್ಧ ಗಂಟೆ ಏರು ಹತ್ತಿ ಜಾಕೆಟ್ ಬಿಚ್ಚಿದರೆ ಒಳಗಿನ ಬನಿಯನ್ ಹಿಂಡುವಂತಿರುತ್ತದೆ. ಜಾಕೆಟ್ ಸೋರಿತು ಎಂದು ಅಂಗಡಿಗೆ ವಾಪಸ್ ಒಯ್ಯುವವರಿದ್ದಾರೆ. ಬಹುಪಾಲು ಅದು ಮಳೆನೀರಲ್ಲ, ಬೆವರು. ನಾನು ಜಾಕೆಟ್ ಆರಿಸುವಾಗ ಮೊದಲು ನೋಡುವುದು ಈ ಬೆವರು ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದನ್ನು.

ಚೀಟಿಯ ಮೇಲೆ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ. ಮೊದಲನೆಯದು ನೀರು ತಡೆಯುವ ಶಕ್ತಿ. 10,000 ಮಿ.ಮೀ. ಎಂದರೆ ಬಟ್ಟೆಯ ಮೇಲೆ 10 ಮೀಟರ್ ಎತ್ತರದ ನೀರಿನ ಕಂಬದಷ್ಟು ಒತ್ತಡ ಬಿದ್ದರೂ ಸೋರದು. ಒಳ್ಳೆಯ ಫಸಲು ಕೊಡುವ ಅಡಿಕೆ ಮರದ ಎತ್ತರವನ್ನು ನೆನಪಿಸಿಕೊಳ್ಳಿ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯ ಮಳೆಹನಿಗೂ ಅಷ್ಟು ಒತ್ತಡವಿಲ್ಲ. ಒತ್ತಡ ಬೀಳುವುದು ಬ್ಯಾಗಿನ ಪಟ್ಟಿ ಭುಜವನ್ನು ಒತ್ತುವ ಜಾಗದಲ್ಲಿ. ಬೆನ್ನಿಗೆ ಬ್ಯಾಗ್ ಹಾಕುವವರು 20,000 ನೋಡಲಿ. ಸಾಮಾನನ್ನು ಸೊಂಟದ ಚೀಲದಲ್ಲೋ ಸೈಕಲ್ಲಿನ ಚೀಲದಲ್ಲೋ ಇಡುವವರಿಗೆ 10,000 ಧಾರಾಳ ಸಾಕು.

ಎರಡನೆಯದು ಬೆವರಿನ ಆವಿ ಬಿಡುವ ಶಕ್ತಿ. 20,000 ಗ್ರಾಂ ಎಂದಿದ್ದರೆ ಅದು ಚದರ ಮೀಟರಿಗೆ, 24 ಗಂಟೆಯ ಲೆಕ್ಕ. ಗಂಟೆಗೆ ಸುಮಾರು 830 ಗ್ರಾಂ. ಕಡಿದಾದ ಏರಿನಲ್ಲಿ ಗಂಟೆಗೆ ಒಂದು ಲೀಟರ್ ಬೆವರುವುದು ಹೊಸದೇನಲ್ಲ, ಹಾಗಾಗಿ ಕಾಗದದ ಮೇಲೆ ಲೆಕ್ಕ ಹೆಚ್ಚುಕಮ್ಮಿ ಸರಿಹೋಗುತ್ತದೆ. ದಾರಿಯಲ್ಲಿ ಸರಿಹೋಗುವುದಿಲ್ಲ. ಆವಿ ಹೊರಗೆ ಹೋಗಬೇಕಾದರೆ ಒಳಗಿಗಿಂತ ಹೊರಗೆ ಆವಿ ಕಡಿಮೆ ಇರಬೇಕು. ಆಷಾಢದ ಮಲೆನಾಡಿನಲ್ಲಿ ಹೊರಗೆ 22 ಡಿಗ್ರಿ, ಗಾಳಿಯ ತೇವಾಂಶ ನೂರರ ಹತ್ತಿರ. ಹೋಗುವುದೆಲ್ಲಿಗೆ? ಸ್ಕಾಟ್ಲೆಂಡಿನ 8 ಡಿಗ್ರಿ ಚಳಿಮಳೆಯಲ್ಲಿ ಹೊಗಳಿಸಿಕೊಂಡ ಜಾಕೆಟ್ ಇಲ್ಲಿ ಮುಗ್ಗರಿಸುವುದು ಇದರಿಂದಲೇ. ಮೇಲಾಗಿ ಈ ಅಂಕಿಯನ್ನು ಒಬ್ಬೊಬ್ಬರು ಒಂದೊಂದು ವಿಧಾನದಲ್ಲಿ ಅಳೆಯುತ್ತಾರೆ, ಎರಡು ಕಂಪನಿಗಳ ಅಂಕಿ ಪಕ್ಕಪಕ್ಕ ಇಟ್ಟು ಹೋಲಿಸಿ ಪ್ರಯೋಜನವಿಲ್ಲ. ಆರ್‌ಇಟಿ (ಆವಿಗೆ ಬಟ್ಟೆ ಒಡ್ಡುವ ತಡೆ) ಎಂಬ ಅಂಕಿ ಕೊಟ್ಟಿದ್ದರೆ ಅದು ಕಡಿಮೆ ಇದ್ದಷ್ಟೂ ಒಳ್ಳೆಯದು: 6ಕ್ಕಿಂತ ಕೆಳಗೆ ಉತ್ತಮ, 20 ದಾಟಿದರೆ ಏರಿಗೆ ಬೇಡ.

ಹಾಗಾಗಿ ನಾನು ದುಡ್ಡು ಹಾಕುವುದು ಕಂಕುಳ ಜಿಪ್ಪಿಗೆ. ಕನಿಷ್ಠ 25 ಸೆಂ.ಮೀ. ಉದ್ದ ಇರಬೇಕು, ಎರಡೂ ಕಡೆಯಿಂದ ತೆರೆಯುವಂತಿರಬೇಕು. ಕೈಗವಸು ಹಾಕಿ, ಒಂದೇ ಕೈಯಲ್ಲಿ ಎಳೆದು ನೋಡಿ. ಬಟ್ಟೆ ಸಿಕ್ಕಿಕೊಂಡು ಜಿಪ್ ನಿಂತರೆ ದಾರಿಯಲ್ಲಿ ನೀವು ಅದನ್ನು ತೆರೆಯುವುದೇ ಇಲ್ಲ. ಬೆನ್ನಿನ ಮೇಲ್ಭಾಗದಲ್ಲಿ ಮಡಿಕೆಯ ಕೆಳಗೆ ಗಾಳಿಕಿಂಡಿ ಇರುವ ಜಾಕೆಟ್‌ಗಳೂ ಇವೆ, ಆದರೆ ಬ್ಯಾಗ್ ಹಾಕಿದೊಡನೆ ಅದು ಮುಚ್ಚಿಹೋಗುತ್ತದೆ. ಉದ್ದದ ಏರಿದ್ದರೆ ಜಾಕೆಟ್ ಬ್ಯಾಗಿನಲ್ಲಿಟ್ಟು ಹತ್ತುವುದೇ ಮೇಲು. ಬೆಚ್ಚನೆ ಮಳೆಯಲ್ಲಿ ನೆನೆದರೆ ನಷ್ಟವಿಲ್ಲ, ಇಳಿಜಾರಿನ ಗಾಳಿಗೆ ಮೈ ನಡುಗುವ ಮುಂಚೆ ಮೇಲೆ ನಿಂತು ಹಾಕಿಕೊಂಡರಾಯಿತು. ಒಳಗೆ ಹತ್ತಿ ಬಟ್ಟೆ ಬೇಡ. ತೆಳ್ಳನೆಯ ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆ ಇರಲಿ.

ಇನ್ನು ಹೊಲಿಗೆಯ ಆಕಾರ. ನಾಟಿ ಮಾಡುವವರ ಗೊರಬು ನೋಡಿದ್ದೀರಲ್ಲ, ತಲೆಯಿಂದ ಸೊಂಟದವರೆಗೆ ಬೆನ್ನು ಪೂರ್ತಿ ಮುಚ್ಚುತ್ತದೆ, ಮುಂದೆ ಪೂರ್ತಿ ಬಯಲು. ಬಗ್ಗಿ ಕೆಲಸ ಮಾಡುವವರಿಗೆ ಮಳೆ ಬೀಳುವುದು ಬೆನ್ನಿಗೆ ಎಂದು ತಿಳಿದವರು ಮಾಡಿದ್ದು ಅದು. ಹ್ಯಾಂಡಲ್ ಹಿಡಿದವರ ಭಂಗಿಯೂ ಅಂಥದ್ದೇ. ಚಾರಣದ ಜಾಕೆಟ್ ಹಾಕಿ ಸೀಟಿನ ಮೇಲೆ ಕೂತರೆ ಮುಂದಿನ ಬಟ್ಟೆ ಹೊಟ್ಟೆಯ ಹತ್ತಿರ ಗುಪ್ಪೆಯಾಗಿ ಮಡಿಲಲ್ಲಿ ನೀರು ನಿಲ್ಲುತ್ತದೆ, ಹಿಂದೆ ಸೊಂಟ ಬಯಲಾಗಿ ಚಕ್ರದ ಕೆಸರೆಲ್ಲ ಚಡ್ಡಿಯೊಳಗೆ. ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತು ಬಗ್ಗಿ, ಎರಡೂ ಕೈ ಮುಂದೆ ಚಾಚಿ. ತೋಳಿನ ಅಂಚು ಮಣಿಕಟ್ಟಿನ ಮೂಳೆ ಬಿಟ್ಟು ಮೇಲೆ ಸರಿಯಬಾರದು, ಬೆನ್ನಿನ ಅಂಚು ಚಡ್ಡಿಯ ಸೊಂಟಪಟ್ಟಿಗಿಂತ 8-10 ಸೆಂ.ಮೀ. ಕೆಳಗಿರಬೇಕು.

ಹೆಲ್ಮೆಟ್ ಜೊತೆಯಲ್ಲೇ ಒಯ್ಯಿರಿ. ಹುಡ್ ಅನ್ನು ಹೆಲ್ಮೆಟ್ ಮೇಲೆ ಎಳೆದು, ಜಿಪ್ ಗಲ್ಲದವರೆಗೆ ಹಾಕಿ, ಕತ್ತು ತಿರುಗಿಸಿ ಹಿಂದೆ ನೋಡಿ. ತಲೆಯ ಜೊತೆ ಹುಡ್ ತಿರುಗದಿದ್ದರೆ ಅದರ ಒಳಬದಿಯನ್ನೇ ನೋಡುತ್ತೀರಿ. ಬಳಸದಾಗ ಅದನ್ನು ಸುತ್ತಿ ಕಟ್ಟಲು ದಾರವೋ ಗುಂಡಿಯೋ ಬೇಕು, ಇಲ್ಲವಾದರೆ ಕತ್ತಿನ ಹಿಂದೆ ಬಕೆಟ್ ಕಟ್ಟಿಕೊಂಡಂತೆ.

ಬಟ್ಟೆ ಎರಡೂವರೆ ಪದರದ್ದೋ ಮೂರು ಪದರದ್ದೋ ಕೇಳಿ. ಮೂರು ಪದರ ಎಂದರೆ ಹೊರಬಟ್ಟೆ, ನಡುವೆ ನೀರು ತಡೆಯುವ ತೆಳು ಪೊರೆ, ಒಳಗೆ ಅಸ್ತರಿ; ಎರಡೂವರೆಯಲ್ಲಿ ಅಸ್ತರಿಯ ಬದಲು ತೆಳು ಲೇಪ ಮಾತ್ರ. ಎರಡೂವರೆ ಪದರದ್ದು ಹಗುರ, ಮುದುಡಿ ಜೇಬಿಗೆ ಹಾಕಬಹುದು, ಆದರೆ ಬರಿಗೈಗೆ ಪ್ಲಾಸ್ಟಿಕ್ಕಿನಂತೆ ಅಂಟುತ್ತದೆ, ಲಂಟಾನದ ಮುಳ್ಳಿಗೆ ತಡೆಯುವುದಿಲ್ಲ. ನಮ್ಮ ಕಡೆ ಇನ್ನೊಂದು ತೊಂದರೆ: ಪಾಲಿಯುರೇಥೇನ್ ಲೇಪ ತೇವದಲ್ಲಿ ನಿಧಾನವಾಗಿ ಕೊಳೆಯುತ್ತದೆ. ಒದ್ದೆ ಜಾಕೆಟ್ ಮಡಚಿ ಬೀರುವಿನಲ್ಲಿಟ್ಟರೆ ಕೆಲವು ಮಳೆಗಾಲಗಳಲ್ಲೇ ಒಳಮೈ ಅಂಟಂಟಾಗಿ, ಹುರುಪೆಯಂತೆ ಏಳುತ್ತದೆ. ಅದಕ್ಕೆ ರಿಪೇರಿ ಇಲ್ಲ. ಅಂಗಡಿಯಲ್ಲೂ ಒಳಗಿನ ಹೊಲಿಗೆಯ ಮೇಲಿನ ಟೇಪನ್ನು ಉಗುರಿನಿಂದ ಕೆದಕಿ ನೋಡುತ್ತೇನೆ, ಅಂಚು ಎದ್ದಿದ್ದರೆ ಬಿಡುತ್ತೇನೆ. ಟೇಪ್ ಎಲ್ಲ ಹೊಲಿಗೆಗೂ ಇರಬೇಕು, ಭುಜಕ್ಕೆ ಮಾತ್ರ ಹಾಕಿದ್ದು ತುಂತುರಿಗಷ್ಟೇ ಸಾಕು. ಬಟ್ಟೆಗೆ ಬಾಯಿಟ್ಟು ಊದಿ ನೋಡುವುದು ಮಾತ್ರ ವ್ಯರ್ಥ. ಆವಿ ಚೆನ್ನಾಗಿ ಬಿಡುವ ಪೊರೆಯೂ ಗಾಳಿಯನ್ನು ಹೆಚ್ಚುಕಡಿಮೆ ಬಿಡುವುದೇ ಇಲ್ಲ.

ಹೊಸ ಜಾಕೆಟ್ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ಉರುಳುತ್ತದೆ. ಅದು ಹೊರಬಟ್ಟೆಗೆ ಹಾಕಿದ ಲೇಪದ ಕೆಲಸ. ಕೆಂಪುಮಣ್ಣು, ಬೆವರಿನ ಜಿಡ್ಡು ಕೂತರೆ, ಬ್ಯಾಗಿನ ಪಟ್ಟಿ ಉಜ್ಜಿದರೆ ಅದು ಹೋಗಿ ಹೊರಬಟ್ಟೆ ನೀರು ಕುಡಿಯುತ್ತದೆ. ಪೊರೆ ಸೋರುವುದಿಲ್ಲ, ಆದರೆ ಆವಿಯ ದಾರಿ ಬಂದ್. ಆಗ ಎಲ್ಲ ಜಿಪ್ ಹಾಕಿ, ಜಾಕೆಟ್‌ಗೆಂದೇ ಸಿಗುವ ಸೋಪಿನಲ್ಲಿ ಒಗೆದು, ಎರಡು ಸಲ ಜಾಲಿಸುತ್ತೇನೆ. ಮಾಮೂಲಿ ಪೌಡರ್, ಕಂಫರ್ಟ್ ಬೇಡ, ಅವು ನೀರನ್ನು ಎಳೆಯುವ ಅಂಶ ಬಿಟ್ಟುಹೋಗುತ್ತವೆ. ಒಣಗಿದ ಮೇಲೆ, ಚೀಟಿಯಲ್ಲಿ ಇಸ್ತ್ರಿಗೆ ಅನುಮತಿ ಇದ್ದರೆ, ತೆಳುಬಟ್ಟೆ ಹಾಸಿ ಕನಿಷ್ಠ ಬಿಸಿಯಲ್ಲಿ, ಹಬೆ ಇಲ್ಲದೆ ಉಜ್ಜಬೇಕು. ಬಿಸಿ ತಾಗಿದರೆ ಲೇಪ ಮತ್ತೆ ಕೆಲಸ ಮಾಡುತ್ತದೆ. ಆಮೇಲೆ ತೋಳಿನ ಮೇಲೆ ಒಂದು ಲೋಟ ನೀರು ಸುರಿಯಿರಿ. ಮುತ್ತು ಕಟ್ಟದೆ ಬಟ್ಟೆ ಕಪ್ಪಾದರೆ ಲೇಪ ಸವೆದಿದೆ, ಸ್ಪ್ರೇ ತಂದು ಹೊಸದಾಗಿ ಹಾಕಬೇಕು.

ಒಣಗಿಸುವುದಕ್ಕೆ ಬಚ್ಚಲೊಲೆಯ ಮೇಲಿನ ಹಗ್ಗ ಬೇಡ. ಅಲ್ಲಿನ ಬಿಸಿಗೆ ಟೇಪಿನ ಅಂಟು ಬಿಡುತ್ತದೆ, ಹೊಗೆ ಬಟ್ಟೆಗೆ ಹಿಡಿಯುತ್ತದೆ. ದಪ್ಪ ಹ್ಯಾಂಗರಿಗೆ ಹಾಕಿ, ಕಂಕುಳ ಜಿಪ್ ತೆರೆದು, ಫ್ಯಾನ್ ಕೆಳಗೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗೆ ಕೈಹಾಕಿ ಜೇಬಿನ ಮೂಲೆ ಮುಟ್ಟಿ ನೋಡಿ, ಕೊನೆಗೆ ಒಣಗುವ ಜಾಗ ಅದು.