ಪ್ಲಾನ್ ಪ್ರಕಾರ ಮಾಲು ಹೊರಡಬೇಕೇ? ನಿಧಾನದ ಮಿಷನ್ ಮೇಲೆ ಕಣ್ಣಿಡಿ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಕಡೆ ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪ್‌ಗಳು ಬೇಕಾದಷ್ಟಿವೆ. ತಿಂಗಳ ಕೊನೆ ಬಂತೆಂದರೆ ಓಟಿ, ರಾತ್ರಿ ಪಾಳಿ, ಪಾರ್ಟಿಯಿಂದ, ಅಂದರೆ ಆರ್ಡರ್ ಕೊಟ್ಟ ಕಂಪನಿಯಿಂದ, ಫೋನಿನ ಮೇಲೆ ಫೋನು. ಬೈಗುಳ ಕೆಲಸಗಾರರಿಗೆ. ಆದರೆ ಎಷ್ಟೋ ಸಲ ತಪ್ಪು ಇರುವುದು ಪ್ಲಾನಿನಲ್ಲೇ.

ಮೊದಲು ಅದನ್ನು ಸರಿಮಾಡಿ. 8 ಗಂಟೆಯ ಶಿಫ್ಟ್ ಅಂದರೆ 480 ನಿಮಿಷ. ಪೀಸಿಗೆ 6 ನಿಮಿಷವಾದರೆ 80 ಪೀಸು ಎಂದು ಬರೆದುಬಿಡುತ್ತೇವೆ. ಊಟಕ್ಕೆ 30, ಎರಡು ಸಲದ ಟೀಗೆ 20 ನಿಮಿಷ ಕಳೆಯಿರಿ. ಸೆಟ್ಟಿಂಗ್ ಮಾಡಿ ಮೊದಲ ಪೀಸು ಓಕೆ ಆಗಲು 40 ನಿಮಿಷ ಅಂತಿಟ್ಟುಕೊಳ್ಳಿ. ಉಳಿದದ್ದು 390 ನಿಮಿಷ, ಅಂದರೆ 65 ಪೀಸು. ಮುಂದಿನ ಶಿಫ್ಟ್‌ಗಳಲ್ಲಿ ಸೆಟ್ಟಿಂಗ್ ಇಲ್ಲದಿದ್ದರೂ 71 ದಾಟುವುದಿಲ್ಲ. ಏಳೂವರೆ ಶಿಫ್ಟಿನಲ್ಲಿ ಮುಗಿಯುತ್ತದೆ ಎಂದುಕೊಂಡ 600 ಪೀಸಿನ ಆರ್ಡರ್ ಒಂಬತ್ತನೇ ಶಿಫ್ಟಿಗೆ ಹೋಗುತ್ತದೆ. ಅದೂ ಒಂದು ಪೀಸೂ ರಿಜೆಕ್ಟ್ ಆಗದಿದ್ದರೆ!

ಆಮೇಲೆ ಎಲ್ಲಕ್ಕಿಂತ ನಿಧಾನದ ಮಿಷನ್ ಯಾವುದು ನೋಡಿ. ಅದು ಗ್ರೈಂಡಿಂಗ್ ಆಗಿದ್ದರೆ, ಲೇತಿನಿಂದ ಎಷ್ಟು ಜಾಸ್ತಿ ಮಾಲು ತಳ್ಳಿದರೂ ಗ್ರೈಂಡಿಂಗ್ ಮಿಷನ್ ಮುಂದೆ ಕ್ರೇಟು ರಾಶಿ ಬೀಳುತ್ತದೆ ಅಷ್ಟೆ. ಹಾಗಾಗಿ ಪ್ಲಾನನ್ನು ಗ್ರೈಂಡಿಂಗ್‌ನಿಂದಲೇ ಶುರುಮಾಡಿ. ಊಟದ ಹೊತ್ತಿನಲ್ಲೂ ಅದು ನಿಲ್ಲದಂತೆ ಬದಲಿ ಆಪರೇಟರ್ ಹಾಕಿ.

ಅದರ ಪಕ್ಕ ಒಂದು ಬೋರ್ಡ್ ಇರಲಿ. ಎರಡು ಗಂಟೆಗೊಮ್ಮೆ ಆಪರೇಟರೇ ಬರೆಯಲಿ: ಆಗಬೇಕಿದ್ದದ್ದು 20, ಆಗಿದ್ದು 14, ಕಾರಣ ‘ಡ್ರೆಸ್ಸಿಂಗ್ ಡೈಮಂಡ್ (ಗ್ರೈಂಡಿಂಗ್ ಚಕ್ರ ಹದಮಾಡುವ ಟೂಲು) ಸ್ಟೋರಿನಲ್ಲಿಲ್ಲ’. ಸುಮ್ನೆ ‘ಮಿಷನ್ ಪ್ರಾಬ್ಲಂ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಕಡಿಮೆ ಬರೆದವರನ್ನು ಸೂಪರ್‌ವೈಸರ್ ಬೈಯಲೇಬಾರದು. ಒಮ್ಮೆ ಬೈದರೆ ಮಾರನೇ ದಿನದಿಂದ ಬೋರ್ಡಿಗೆ ಸುಳ್ಳು ಲೆಕ್ಕ ಬರುತ್ತದೆ. ಆರು ಪೀಸು ಬಾಕಿ ಎಂದು ಬೆಳಿಗ್ಗೆಯೇ ತಿಳಿದರೆ ಸಂಜೆಯೊಳಗೆ ದಾರಿ ಹುಡುಕಬಹುದು, ಅಲ್ವಾ?

ಆಯುಧಪೂಜೆ, ಕೆಲಸಗಾರರ ಊರಹಬ್ಬ, ಸೆಸ್ಕ್‌ನವರು ಪೇಪರಿನಲ್ಲಿ ಕೊಡುವ ಕರೆಂಟ್ ಕಡಿತದ ದಿನ, ಇವನ್ನೆಲ್ಲ ಕೆಲಸವಿಲ್ಲದ ದಿನವೆಂದು ಮೊದಲೇ ಪ್ಲಾನಿನಲ್ಲಿ ಬರೆದಿಡಿ. ಹೀಟ್ ಟ್ರೀಟ್‌ಮೆಂಟ್‌ಗೆ (ಕಾಯಿಸಿ ಹದಮಾಡಲು) ಹೊರಗೆ ಹೋದ ಮಾಲು ಬರುವ ತಾರೀಕೂ ಅಲ್ಲೇ ಇರಲಿ.

ಇಷ್ಟಾದರೂ ಓಟಿಯಲ್ಲಿ ತುಂಬಲಾಗದಷ್ಟು ಹಿಂದೆ ಬಿದ್ದರೆ ಹಳೇ ಪ್ಲಾನ್ ಬದಿಗಿಟ್ಟು ಹೊಸದು ಬರೆಯಿರಿ. ಆವತ್ತೇ ಪಾರ್ಟಿಗೆ ಫೋನ್ ಮಾಡಿ: ‘ಬುಧವಾರ 400 ಕಳಿಸ್ತೀವಿ ಸರ್, ಉಳಿದ 200 ಶುಕ್ರವಾರ.’ ಅವರ ಲೈನಿನವರಿಗೂ ಹೊಂದಿಸಿಕೊಳ್ಳಲು ಎರಡು ದಿನ ಸಿಗುತ್ತದೆ.