ನಾಲ್ಕನೇ ಸಲಕ್ಕೆ ಕಂಡ ಚಂದ್ರದ್ರೋಣ: ಕಿಟಕಿ ಸೀಟಿನ ನನ್ನ ಅನುಭವ

ಚಿಕ್ಕಮಗಳೂರಿನವರು ಮಂಗಳೂರಿಗೆ ಹೋಗಬೇಕಾದರೆ ಚಾರ್ಮಾಡಿ ಇಳಿದರೆ ಆಯ್ತು. ನಾನು ಬೆಂಗಳೂರಿಗೆ ಹೋಗಿ ಅಲ್ಲಿಂದ ವಿಮಾನ ಹತ್ತಿದೆ, ಅದೂ ನಾಲ್ಕು ಸಲ. ನಮ್ಮ ಗಿರಿಸಾಲನ್ನು ಮೇಲಿನಿಂದ ನೋಡಬೇಕಿತ್ತು. ಅರ್ಧಚಂದ್ರನ ಹಾಗೆ ಬಾಗಿದೆ ಅಂತ ಅದಕ್ಕಿಟ್ಟ ಚಂದ್ರದ್ರೋಣ ಅನ್ನುವ ಹೆಸರು ಸರಿಯೋ ಅಲ್ಲವೋ ಕಣ್ಣಾರೆ ಕಾಣಬೇಕಿತ್ತು. "ಸುಮ್ನೆ ದುಡ್ಡು ದಂಡ ಮಾರಾಯ, ಮೇಲಿಂದ ಎಲ್ಲಾ ಒಂದೇ ಹಸಿರು" ಅಂದರು ಭಾವ. ಈಗ ಫೋಟೋ ನೋಡಿದ ಮೇಲೆ ಆ ಮಾತು ಎತ್ತುತ್ತಿಲ್ಲ.

ಮೊದಲ ಸಲ ಎಡಗಡೆ ಕೂತೆ. ಗೊರೂರಿನ ಹೇಮಾವತಿ ಹಿನ್ನೀರು ಚೆನ್ನಾಗಿ ಕಂಡಿತು, ಬೆಟ್ಟಗಳೆಲ್ಲ ಆಚೆ ಬದಿಗೆ ಹೋದವು. ವಿಮಾನ ಹೆಚ್ಚುಕಡಿಮೆ ಹಾಸನದ ಹತ್ತಿರ ಹಾದು ಪಶ್ಚಿಮಕ್ಕೆ ಹೋಗುತ್ತದೆ, ನಮ್ಮೂರು ಅದರ ಉತ್ತರಕ್ಕೆ. ಹಾಗಾಗಿ ಹೋಗುವಾಗ ಬಲಗಡೆಯ ಕಿಟಕಿ ಸೀಟು ಎಫ್, ಬರುವಾಗ ಎಡಗಡೆಯ ಎ. ಎರಡನೇ ಸಲ ಬಲಗಡೆಯೇ ಹಿಡಿದೆ, ಸೀಟಿಗೆ ಮುನ್ನೂರೋ ಮುನ್ನೂರೈವತ್ತೋ ಜಾಸ್ತಿ ಕೊಟ್ಟೆ, ಆದರೆ ಅದು ಜೆಟ್, ಹದಿನಾಲ್ಕನೇ ಸಾಲು, ದಾರಿಯುದ್ದಕ್ಕೂ ರೆಕ್ಕೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಮೂರನೇ ಸಲ ಆಗಸ್ಟ್. ಬರೀ ಬಿಳಿ ಮೋಡ. ಟಿಕೆಟ್, ಸೀಟು, ಬೆಂಗಳೂರಿನ ಬಸ್ಸು ಎಲ್ಲ ಸೇರಿ ಆ ಹೊತ್ತಿಗೆ ಹದಿನಾಲ್ಕು ಸಾವಿರದ ಹತ್ತಿರ ಹೋಗಿತ್ತು. ಮನೆಯಲ್ಲಿ ಕೇಳಿದಾಗ ಹತ್ತು ಅಂದೆ.

ನಾಲ್ಕನೇ ಸಲಕ್ಕೆ ಎಟಿಆರ್ ಹುಡುಕಿ ಬುಕ್ ಮಾಡಿದೆ. ಪ್ರೊಪೆಲ್ಲರ್ ವಿಮಾನ, ರೆಕ್ಕೆ ಕಿಟಕಿಯ ಮೇಲಿರುತ್ತದೆ, ಕೆಳಗಿನ ನೋಟ ಪೂರ್ತಿ ನಮ್ಮದು. ಜೆಟ್‌ಗಿಂತ ತಗ್ಗಿನಲ್ಲಿ ಹಾರುತ್ತದೆ, ನಿಧಾನವೂ ಹೌದು. ಅದೇ ನಂಬರಿನ ವಿಮಾನ ಹಿಂದಿನ ಏಳೆಂಟು ದಿನ ಯಾವ ಗೆರೆಯಲ್ಲಿ ಹೋಗಿದೆ ಅಂತ ವಿಮಾನಗಳ ದಾರಿ ತೋರಿಸುವ ಫ್ಲೈಟ್‌ರಾಡಾರ್ ಆಪ್‌ನಲ್ಲಿ ನೋಡಿಕೊಂಡೆ. ಹಿಂದಿನ ಸಾಲಿನ ಎಫ್ ಹಿಡಿದೆ. ನವೆಂಬರ್ ಕೊನೆ, ಹಿಂದಿನ ದಿನ ಮಳೆ ಬಿದ್ದು ಗಾಳಿ ತೊಳೆದ ಹಾಗಿತ್ತು. ಆ ತಿಂಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಬಲಗಡೆಯ ಕಿಟಕಿಗೆ ಬಿಸಿಲು ಹೊಡೆಯುವುದಿಲ್ಲ. ದುಡ್ಡು ಕೊಡದೆ ಬೇಕಾದ ಕಿಟಕಿ ಸಿಗುವ ಒಂದು ಉಪಾಯವೂ ನನ್ನ ಹತ್ತಿರ ಇದೆ, ಅದನ್ನು ಬರೆಯುವುದಿಲ್ಲ.

ಮೊದಲು ಬೇಲೂರಿನ ಯಗಚಿ ಡ್ಯಾಂ ಹೊಳೆಯಿತು. ಅದರ ಹಿಂದೆಯೇ ಗಿರಿ. 1,930 ಮೀಟರಿನ ಮುಳ್ಳಯ್ಯನಗಿರಿ ಈ ತುದಿಗೆ, ಅಲ್ಲಿಂದ ಸಾಲು ಬಿದಿಗೆ ಚಂದ್ರನ ಹಾಗೆ ಬಾಗಿ ಬಾಬಾಬುಡನ್‌ಗಿರಿಯ ಕಡೆಗೆ ಹೋಗಿ, ಜಾಗರ ಕಣಿವೆಯನ್ನು ಮಡಿಲಲ್ಲಿಟ್ಟುಕೊಂಡಿತ್ತು. ಹೆಸರಿಟ್ಟವರು ವಿಮಾನ ಹತ್ತಿದವರಲ್ಲ, ಆದರೂ ಎಷ್ಟು ಸರಿಯಾಗಿ ಇಟ್ಟಿದ್ದಾರೆ! ಐದಾರು ನಿಮಿಷ ನೋಡಿರಬಹುದು. ಕಣ್ಣು ತುಂಬಿ ಬಂತು. ಆಮೇಲೆ ಕುದುರೆಮುಖ, ಅದು ಇನ್ನೂ ಹತ್ತಿರ.

ಫೋಟೋಗೆ ನಾನು ಮಾಡಿದ ಪ್ರಯೋಗಗಳಲ್ಲಿ ಹೊಳಪು ತಗ್ಗಿಸುವ ಪೋಲರೈಸಿಂಗ್ ಫಿಲ್ಟರ್ ಕೆಟ್ಟದ್ದು. ಕಿಟಕಿಯ ಪ್ಲಾಸ್ಟಿಕ್ಕಿನಲ್ಲಿ ಕಾಮನಬಿಲ್ಲಿನ ಪಟ್ಟೆ ಎದ್ದು ಕಾಣುತ್ತದೆ. ಕಪ್ಪು ಶಾಲು ತಲೆಗೂ ಫೋನಿಗೂ ಸೇರಿಸಿ ಹೊದ್ದರೆ ಒಳಗಿನ ಲೈಟಿನ ಪ್ರತಿಬಿಂಬ ಬೀಳುವುದಿಲ್ಲ. ಫ್ಲೈಟ್ ಮೋಡ್‌ನಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ. ಮ್ಯಾಪ್ ಮೊದಲೇ ಇಳಿಸಿಕೊಂಡು ಫೋನನ್ನು ಕಿಟಕಿಗೆ ಒತ್ತಿ ಹಿಡಿದರೆ ಕೆಳಗಿರುವ ಊರು ಯಾವುದು ಅಂತ ತಿಳಿಯುತ್ತದೆ. ದೆಹಲಿಯಿಂದ ಪಶ್ಚಿಮ ಬಂಗಾಳದ ಬಾಗ್‌ಡೋಗ್ರಾಕ್ಕೆ ಹೋಗುವಾಗಲೂ ಇದೇ ಲೆಕ್ಕ ಹಾಕಿದೆ. ಪೂರ್ವಕ್ಕೆ ಹೋಗುವಾಗ ಎಡಗಡೆ ಹಿಮಾಲಯ, ಕೊನೆಗೆ ಕಾಂಚನಜುಂಗಾ. ಅದು ಮೊದಲ ಸಲಕ್ಕೇ ಕಂಡಿತು.

ಮಂಗಳೂರಿನ ದಾರಿಯಿಂದ ಕಂಡದ್ದು ಚಂದ್ರನ ಬೆನ್ನು. ಬಾಗಿನ ತೆರೆದ ಬಾಯಿ ಇರುವುದು ವಾಯವ್ಯಕ್ಕೆ. 2023ರಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಶುರುವಾಯಿತಲ್ವಾ, ಬೆಂಗಳೂರಿನಿಂದ ಅಲ್ಲಿಗೆ ಹೋಗುವಾಗ ಗಿರಿ ಎಡಕ್ಕೆ ಬರುತ್ತದೆ. ಆ ಬದಿಗೆ ಬಿಸಿಲು ಜಾಸ್ತಿ, ಶಾಲು ಬೇಕೇ ಬೇಕು. ನವೆಂಬರಿಗೆ ಎ ಸೀಟು ಬುಕ್ ಮಾಡಿ ಆಗಿದೆ.